ಮಿಶ್ರ ಆರ್ಥಿಕ ವ್ಯವಸ್ಥೆ ಮತ್ತು ನಮ್ಮ ತೋಟಗಳು



ಕಳೆದ ಸಾಲಿನ ಮಹಾಸಭೆ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಯುವ ಸದಸ್ಯರೊಬ್ಬರು ನನ್ನನ್ನು ನಿಲ್ಲಿಸಿ ಒಂದು ಮಾತು ಕೇಳಿದರು. "ಕಾರ್ಯದರ್ಶಿಗಳೇ, ಸಾಲ ಕೊಡಲು ಬ್ಯಾಂಕಿದೆ. ಮಾಲು ಕೊಳ್ಳಲು ವ್ಯಾಪಾರಿ ಕಣಕ್ಕೇ ಬರುತ್ತಾನೆ. ಬೆಲೆ ಬಿದ್ದರೆ ಕೇಳಲು ಸರ್ಕಾರವಿದೆ. ಇವೆರಡರ ನಡುವೆ ಈ ಸಂಘ ಯಾತಕ್ಕೆ?" ಅವರ ದನಿಯಲ್ಲಿ ಕುಹಕವಿರಲಿಲ್ಲ, ಕಲಿತ ಹುಡುಗ, ನಿಜವಾಗಿಯೇ ತಿಳಿಯಬೇಕೆಂದು ಕೇಳಿದ್ದರು. ನಾನು ಆಗ ಏನೋ ಹೇಳಿ ಊಟಕ್ಕೆ ಕಳುಹಿಸಿದೆ. ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅಂದು ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ.

ಮಿಶ್ರ ಆರ್ಥಿಕ ವ್ಯವಸ್ಥೆ ಎಂಬ ಮಾತನ್ನು ನನ್ನ ಓರಗೆಯವರೆಲ್ಲ ಕಾಲೇಜಿನಲ್ಲಿ ಪರೀಕ್ಷೆಗಾಗಿ ಉರು ಹೊಡೆದವರೇ. ಅಮೆರಿಕದ ಖಾಸಗಿ ಪದ್ಧತಿಯಿಂದ ಒಂದಿಷ್ಟು, ರಷ್ಯದ ಸರ್ಕಾರಿ ಪದ್ಧತಿಯಿಂದ ಒಂದಿಷ್ಟು ತೆಗೆದು, ಕಾಫಿಪುಡಿಗೆ ಚಿಕೋರಿ ಬೆರೆಸುವ ಹಾಗೆ ಬೆರೆಸಿದರೆ ನಮ್ಮ ದೇಶದ ಪದ್ಧತಿಯಾಯಿತು ಎಂಬ ಧಾಟಿಯಲ್ಲಿ ಪಾಠ ನಡೆಯುತ್ತಿತ್ತು. ಅದು ಸರಿಯಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಸಂಘದ ಕೆಲಸದ ಸಲುವಾಗಿ ಸಂವಿಧಾನದ ನಾಲ್ಕನೆಯ ಭಾಗವನ್ನು ಓದಬೇಕಾಗಿ ಬಂದಾಗ.

ಸ್ವಾತಂತ್ರ್ಯ ಬರುವ ಮೊದಲೇ ನಮ್ಮ ಹಿರಿಯರು ಈ ಬಗ್ಗೆ ಸಾಕಷ್ಟು ತಲೆ ಕೆಡಿಸಿಕೊಂಡಿದ್ದರು. 1931ರ ಕರಾಚಿ ಕಾಂಗ್ರೆಸ್ ಮೂಲಭೂತ ಹಕ್ಕುಗಳ ಠರಾವನ್ನು ಅಂಗೀಕರಿಸಿದಾಗ, ರೈಲು, ಗಣಿ ಮುಂತಾದ ಮುಖ್ಯ ಉದ್ಯಮಗಳು ಸರ್ಕಾರದ ಒಡೆತನದಲ್ಲಿ ಅಥವಾ ಹತೋಟಿಯಲ್ಲಿ ಇರಬೇಕೆಂಬುದನ್ನೂ ಅದರಲ್ಲೇ ಸೇರಿಸಿತ್ತು. 1944ರಲ್ಲಿ ಟಾಟಾ, ಬಿರ್ಲಾ ಮುಂತಾದ ಉದ್ಯಮಪತಿಗಳೇ ಕಲೆತು 'ಬೊಂಬಾಯಿ ಯೋಜನೆ'ಯನ್ನು ಹೊರತಂದು, ದೊಡ್ಡ ಬಂಡವಾಳದ ಕೆಲಸಗಳಿಗೆ ಸರ್ಕಾರ ಕೈಹಾಕಬೇಕೆಂದು ಕೇಳಿದರು. ನಮ್ಮ ಮೈಸೂರಂತೂ ಇನ್ನೂ ಮುಂದಿತ್ತು: 1913ರಲ್ಲಿ ಮೈಸೂರು ಬ್ಯಾಂಕು, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಹೀಗಿರುವಾಗ ಎಲ್ಲವನ್ನೂ ಪರದೇಶದಿಂದ ಎರವಲು ತಂದೆವೆನ್ನುವುದು ಹೇಗೆ?

ಸಂವಿಧಾನ ಸಭೆಯ ಚರ್ಚೆಯನ್ನು ಇಲ್ಲಿ ನೆನೆಯಲೇಬೇಕು. 1948ರ ನವೆಂಬರ್ 15ರಂದು ಪ್ರೊಫೆಸರ್ ಕೆ.ಟಿ. ಷಾ ಅವರು, ಭಾರತವನ್ನು 'ಸಮಾಜವಾದಿ' ಎಂದು ಸಂವಿಧಾನದಲ್ಲೇ ಬರೆಯಬೇಕೆಂದು ತಿದ್ದುಪಡಿ ತಂದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಸಮಾಜವು ತನ್ನ ಆರ್ಥಿಕ ವ್ಯವಸ್ಥೆಯನ್ನು ಹೇಗೆ ಕಟ್ಟಿಕೊಳ್ಳಬೇಕೆಂಬುದನ್ನು ಆಯಾ ಕಾಲದ ಜನರೇ ತೀರ್ಮಾನಿಸಬೇಕು, ಅದನ್ನು ಇಂದೇ ಕಟ್ಟಿಹಾಕಿದರೆ ಪ್ರಜಾಪ್ರಭುತ್ವವನ್ನೇ ಹಾಳುಮಾಡಿದಂತೆ ಎಂಬುದು ಅವರ ವಾದ. ಜೊತೆಗೆ, ತಾವು ಬಯಸುವ ನ್ಯಾಯವೆಲ್ಲ ನಿರ್ದೇಶಕ ತತ್ತ್ವಗಳಲ್ಲಿ ಆಗಲೇ ಇದೆಯೆಂದೂ ತೋರಿಸಿಕೊಟ್ಟರು. ('ಸಮಾಜವಾದಿ' ಎಂಬ ಪದ ಪೀಠಿಕೆಗೆ ಸೇರಿದ್ದು 1976ರ 42ನೆಯ ತಿದ್ದುಪಡಿಯಿಂದ.) ಆ ತತ್ತ್ವಗಳಾದರೂ ಏನು? ದೇಶದ ಭೌತಿಕ ಸಂಪನ್ಮೂಲಗಳ ಒಡೆತನ ಮತ್ತು ಹತೋಟಿ ಸರ್ವರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕು, ಸಂಪತ್ತು ಕೆಲವರ ಕೈಯಲ್ಲೇ ಶೇಖರವಾಗಬಾರದು ಎನ್ನುತ್ತದೆ 39ನೆಯ ಅನುಚ್ಛೇದ. ಹಳ್ಳಿಗಳಲ್ಲಿ ಗೃಹಕೈಗಾರಿಕೆಗಳನ್ನು ವ್ಯಕ್ತಿಗತವಾಗಿ ಅಥವಾ ಸಹಕಾರದ ಆಧಾರದ ಮೇಲೆ ಬೆಳೆಸಬೇಕು ಎನ್ನುತ್ತದೆ 43ನೆಯದು. ಇನ್ನೊಂದೆಡೆ 19ನೆಯ ಅನುಚ್ಛೇದವು ಯಾವ ಕಸುಬು, ವ್ಯಾಪಾರವನ್ನಾದರೂ ಮಾಡುವ ಹಕ್ಕನ್ನು ಕೊಡುತ್ತದೆ. ಗುರಿಯನ್ನು ಬರೆದಿಟ್ಟರು, ದಾರಿಯನ್ನು ತೆರೆದಿಟ್ಟರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಬಹುಮತದಿಂದ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ: ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪನ್ಮೂಲವಾಗುವುದಿಲ್ಲ, ಸಂವಿಧಾನವು ಯಾವುದೇ ಒಂದು ಆರ್ಥಿಕ ಸಿದ್ಧಾಂತಕ್ಕೆ ದೇಶವನ್ನು ಕಟ್ಟಿಹಾಕಿಲ್ಲ.

ಇಷ್ಟು ಪೀಠಿಕೆ ಸಾಕು. ದಿಲ್ಲಿಯಿಂದ ನಮ್ಮ ಬೇಲಿಯ ಬಳಿಗೆ ಬರೋಣ.

ನಮ್ಮಲ್ಲಿ ಅನೇಕರಿಗೆ ಇರುವಂತೆ ನನಗೂ ಮೇಲಿನ ಇಳಿಜಾರಿನಲ್ಲಿ ಕಾಫಿ, ಕೆಳಗಿನ ಕಣಿವೆಯಲ್ಲಿ ಅಡಿಕೆ. ನಡುವೆ ಇರುವುದು ಒಂದು ಬೇಲಿ ಮಾತ್ರ. ಆದರೆ ಕಾನೂನಿನ ದೃಷ್ಟಿಯಲ್ಲಿ ಇವು ಎರಡು ಬೇರೆ ಬೇರೆ ದೇಶಗಳ ಹಾಗಿದ್ದವು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ 1974ರಲ್ಲಿ ತಂದ ತಿದ್ದುಪಡಿ ಜಾರಿಯಾದಾಗ, ಕಾಫಿ, ಏಲಕ್ಕಿ, ರಬ್ಬರ್, ಟೀ ತೋಟಗಳು ಭೂಮಿತಿಯ ಹೊರಗೆ ಉಳಿದವು. ಅಡಿಕೆ ತೋಟ ಒಳಗೆ ಬಂತು. ಆದರೆ ಬೆಳೆಯ ವಿಷಯಕ್ಕೆ ಬಂದರೆ ಇದು ತಲೆಕೆಳಗು. ಅಡಿಕೆ ಬೆಳೆಗಾರ ತನ್ನ ಮಾಲನ್ನು ಯಾವ ಮಂಡಿಗಾದರೂ ಒಯ್ಯಬಹುದಿತ್ತು. ಕಾಫಿ ಬೆಳೆಗಾರನೋ, ಬಿತ್ತನೆಗೂ ಮನೆಯ ಬಳಕೆಗೂ ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೇ ಒಪ್ಪಿಸಬೇಕಿತ್ತು. ಒಬ್ಬನಿಗೆ ನೆಲ ಸ್ವತಂತ್ರ, ಫಸಲು ಬಂಧನ. ಇನ್ನೊಬ್ಬನಿಗೆ ಫಸಲು ಸ್ವತಂತ್ರ, ನೆಲಕ್ಕೆ ಮಿತಿ. ಮಿಶ್ರ ಆರ್ಥಿಕತೆಯನ್ನು ಇದಕ್ಕಿಂತ ಹತ್ತಿರದಿಂದ ಕಂಡವರು ದೇಶದಲ್ಲಿ ಬೇರೆ ಯಾರಿದ್ದಾರೋ ನಾನರಿಯೆ.

ಪೂಲು ಸಂವಿಧಾನದ ಕೂಸಲ್ಲ, ಯುದ್ಧದ ಕೂಸು. ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲು 1940ರಲ್ಲಿ ಆದ ಏರ್ಪಾಡು ಅದು. 1942ರ ಕಾಫಿ ಕಾಯಿದೆಯಿಂದ ನೆಲೆಯಾಯಿತು. ಸ್ವತಂತ್ರ ಭಾರತ ಅದನ್ನು ಉಳಿಸಿಕೊಂಡಿತು. ಅದಕ್ಕೊಂದು ನ್ಯಾಯವಿತ್ತು: ಎರಡು ಎಕರೆಯವನ ಪಾರ್ಚ್‌ಮೆಂಟಿಗೂ ಇನ್ನೂರು ಎಕರೆಯವನ ಪಾರ್ಚ್‌ಮೆಂಟಿಗೂ ದರ್ಜೆ ಒಂದೇ ಆದರೆ ಸಿಗುವ ಪಾಯಿಂಟೂ ಒಂದೇ. ಆದರೆ ಹಣ ಬರುತ್ತಿದ್ದುದು ಕಂತುಕಂತಾಗಿ. ಅಪ್ಪಯ್ಯ ಕ್ಯೂರಿಂಗ್ ವರ್ಕ್ಸಿನ ರಸೀದಿಗಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಒಂದು ವರ್ಷದ ಬೆಳೆಯ ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ವರ್ಷದ ರಸೀದಿಗಳು ಅದರ ಮೇಲೆ ಕುಳಿತಿರುತ್ತಿದ್ದವು. ಪೂಲಿಗೆ ಒಪ್ಪಿಸುವುದು ಮಾರಾಟವೋ, ಸರ್ಕಾರದ ವಶವೋ ಎಂಬ ಪ್ರಶ್ನೆ ತೆರಿಗೆಯ ತಕರಾರಿನಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದು ಮಾರಾಟವೇ ಎಂದು 1988ರಲ್ಲಿ ತೀರ್ಪಾಯಿತು. ಮಾರುವವನಿಗೆ 'ಇಲ್ಲ' ಎನ್ನುವ ಹಕ್ಕಿಲ್ಲದ ಮಾರಾಟ!

ನಾನು ಪದವಿ ಮುಗಿಸಿ ಊರಿಗೆ ಬಂದದ್ದು 1992ರಲ್ಲಿ. ಹಿಂದಿನ ವರ್ಷವಷ್ಟೇ ದಿಲ್ಲಿಯಲ್ಲಿ ಹೊಸ ಕೈಗಾರಿಕಾ ನೀತಿ ಬಂದಿತ್ತು. ನಮ್ಮ ಕಾಫಿಗೆ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ ಒಡೆದುಹೋಗಿತ್ತು. ಬೆಳೆಗಾರರ ಸಭೆಗಳಲ್ಲಿ ಮುಕ್ತ ಮಾರಾಟ ಬೇಕೆಂದು ಕೈಯೆತ್ತಿ ಮಾತಾಡಿದವರಲ್ಲಿ ನಾನೂ ಒಬ್ಬ. ಅದೇ ವರ್ಷ ಶೇಕಡಾ 30ರಷ್ಟನ್ನು ದೇಶದೊಳಗೆ ಮಾರಿಕೊಳ್ಳಲು ಬಿಟ್ಟರು. ಹಂತಹಂತವಾಗಿ ಕಟ್ಟು ಸಡಿಲವಾಗಿ, 1996ರ ಸೆಪ್ಟೆಂಬರಿನಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಬಿಡುಗಡೆಯಾಯಿತು. ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಮುಗಿಲು ಮುಟ್ಟಿತ್ತು. ನಾವು ಆ ಬೆಲೆಯನ್ನೆಲ್ಲ ಸ್ವಾತಂತ್ರ್ಯದ ಲೆಕ್ಕಕ್ಕೆ ಬರೆದುಕೊಂಡೆವು. ಅಪ್ಪಯ್ಯ ಮಾತ್ರ, "ಪೂಲು ತಡ ಮಾಡ್ತದೆ ಮಾರಾಯ, ಓಡಿಹೋಗೂದಿಲ್ಲ" ಎನ್ನುತ್ತಿದ್ದರು. ಕೆಲವು ವರ್ಷಗಳ ಮೇಲೆ ನಮ್ಮ ಒಂದಿಡೀ ಫಸಲನ್ನು ಕಡದ ಮೇಲೆ ಕೊಂಡ ವ್ಯಾಪಾರಿಯೊಬ್ಬರು ಹಣ ಕೊಡದೆ ಊರು ಬಿಟ್ಟರು. ಹೆಸರು ಇಲ್ಲಿ ಬೇಡ. ಅಪ್ಪಯ್ಯ ಆ ಮಾತನ್ನು ಎರಡನೆಯ ಬಾರಿ ಹೇಳಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. 2001ರಲ್ಲಿ ಅಂತರರಾಷ್ಟ್ರೀಯ ಸರಾಸರಿ ಬೆಲೆ ಪೌಂಡಿಗೆ 50 ಸೆಂಟಿಗಿಂತಲೂ ಕೆಳಗಿಳಿದಾಗ, ಮುಕ್ತ ಮಾರಾಟ ಕೇಳಿದ್ದ ನಾವೇ ಸರ್ಕಾರದ ಬಾಗಿಲಿಗೆ ಹೋಗಿ ಸಾಲದ ಪರಿಹಾರ ಕೇಳಿದೆವು.

ಪೂಲು ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಅದು ಹೋದದ್ದು ಒಳ್ಳೆಯದೇ ಆಯಿತೆಂದು ಈಗಲೂ ನಂಬಿದ್ದೇನೆ. ಪೂಲು ಹೋದರೂ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಉಳಿದಿದೆ. 1925ರಲ್ಲಿ ಪ್ರಾರಂಭವಾದ ಆ ಕೇಂದ್ರ ಕೊಟ್ಟ ಎಸ್. 795 ತಳಿ ಇಂದಿಗೂ ನಮ್ಮ ಇಳಿಜಾರುಗಳಲ್ಲಿ ನಿಂತಿದೆ. ಅಂಥ ಕೆಲಸವನ್ನು ಯಾವ ಒಬ್ಬ ಪ್ಲಾಂಟರೂ ತನ್ನ ಖರ್ಚಿನಲ್ಲಿ ಮಾಡುವಂತಿಲ್ಲ. ಅಡಿಕೆಯವರ ಕಥೆಯೂ ಬೇರೆಯಲ್ಲ. ಮಂಡಿಯಲ್ಲಿ ಸ್ವಾತಂತ್ರ್ಯ ಬೇಕು, ಬಂದರಿನಲ್ಲಿ ಮಾತ್ರ ಸರ್ಕಾರ ಕಾವಲು ನಿಲ್ಲಬೇಕು. 2023ರ ಫೆಬ್ರವರಿಯಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ನಮ್ಮಲ್ಲಿ ಯಾರೂ ಆಕ್ಷೇಪಿಸಿದ್ದು ಕಾಣೆ.

ಆದರೆ ಸರ್ಕಾರ, ವ್ಯಾಪಾರಿ ಎಂಬ ಎರಡೇ ಬಾಗಿಲನ್ನು ನೋಡುವುದರಲ್ಲಿ ನಾವು ಮೂರನೆಯದನ್ನು ಮರೆತಿದ್ದೇವೆ. ಯುವ ಸದಸ್ಯರ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ಸಹಕಾರ ನಮಗೆ ಸಂವಿಧಾನಕ್ಕಿಂತ ಹಳೆಯದು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಂಘ ಕಟ್ಟಿದರು. ಅಡಿಕೆಯವರಿಗೆ ಶಿರಸಿಯ ತೋಟಗಾರರ ಸೊಸೈಟಿ 1923ರಿಂದ, ಶಿವಮೊಗ್ಗದ ಮ್ಯಾಮ್‌ಕೋಸ್ 1939ರಿಂದ ಇದೆ. 1970ರ ಸುಮಾರಿಗೆ ಅಡಿಕೆಯ ಬೆಲೆ ಕುಸಿದು ಕರಾವಳಿಯ ಬೆಳೆಗಾರರು ಕಂಗಾಲಾದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಕರ್ನಾಟಕ, ಕೇರಳ ಎರಡರ ಬೆಳೆಗಾರರೂ ಅದರಲ್ಲಿ ಸೇರಿದರು. ಸರ್ಕಾರಗಳು ಬೆಂಬಲ ಕೊಟ್ಟವು, ಖರೀದಿ ನಡೆದದ್ದು ವ್ಯಾಪಾರಿಗಳಿದ್ದ ಅದೇ ಮಾರುಕಟ್ಟೆಯಲ್ಲಿ. ಮಂಡಿಯನ್ನು ಮುಚ್ಚಿಸಲಿಲ್ಲ, ಮಂಡಿಯವನಿಗೆ ಎದುರಾಗಿ ಇನ್ನೊಂದು ತಕ್ಕಡಿ ಇಟ್ಟರು, ಅಷ್ಟೆ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ನಡೆಸತೊಡಗಿದರು. ಕಾಫಿಯಲ್ಲೂ ಒಂದು ನಿದರ್ಶನವಿದೆ. ಮಂಡಳಿ ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡವರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಮಾಡಿಕೊಂಡು ಅವನ್ನು ತಾವೇ ನಡೆಸಿದರು.

ಇನ್ನೊಂದು ಸಂಗತಿ ನನಗೆ ಮುಖ್ಯ. 1949ರ ನವೆಂಬರ್ 25ರ ಭಾಷಣದಲ್ಲಿ ಡಾ. ಅಂಬೇಡ್ಕರ್ ಎಚ್ಚರಿಸಿದ್ದರು: ರಾಜಕೀಯದಲ್ಲಿ ಎಲ್ಲರಿಗೂ ಸಮಾನತೆ, ಸಾಮಾಜಿಕ ಆರ್ಥಿಕ ಬದುಕಿನಲ್ಲಿ ಅಸಮಾನತೆ, ಈ ವಿರೋಧಾಭಾಸದೊಳಕ್ಕೆ ನಾವು ಕಾಲಿಡುತ್ತಿದ್ದೇವೆ ಎಂದು. ಕಂಪನಿಯಲ್ಲಿ ಷೇರಿಗೊಂದು ಓಟು. ಸಹಕಾರ ಸಂಘದಲ್ಲಿ ಷೇರು ಎಷ್ಟಿದ್ದರೂ ಆಳಿಗೊಂದೇ ಓಟು. 1974ರ ತಿದ್ದುಪಡಿಯಲ್ಲಿ ನಮ್ಮ ಕೆಳಗಿನ ಅಡಿಕೆ ತೋಟದ ಒಂದು ಭಾಗ ಗೇಣಿದಾರರ ಪಾಲಾಯಿತು. ಅಪ್ಪಯ್ಯ ಬಹಳ ದಿನ ಆ ದಾರಿಯಲ್ಲಿ ಓಡಾಡಲಿಲ್ಲ. ಅಂದಿನ ಗೇಣಿದಾರರ ಮಗ ಇಂದು ನಮ್ಮ ಸಂಘದ ನಿರ್ದೇಶಕರು. ಆಡಳಿತ ಮಂಡಳಿಯ ಸಭೆಯಲ್ಲಿ ನನ್ನ ಲೆಕ್ಕಪತ್ರವನ್ನು ಎಲ್ಲರಿಗಿಂತ ಹೆಚ್ಚು ಬಿಗಿಯಾಗಿ ಪ್ರಶ್ನಿಸುವವರೂ ಅವರೇ. ಕಾಯಿದೆ ಅವರಿಗೆ ನೆಲ ಕೊಟ್ಟಿತು, ಮಂಡಿ ಬೆಲೆ ಕೊಟ್ಟಿತು. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ್ದು ಈ ಸಂಘ.

2011ರ 97ನೆಯ ತಿದ್ದುಪಡಿಯಿಂದ ಸಹಕಾರ ಸಂಘ ಕಟ್ಟುವುದು ಮೂಲಭೂತ ಹಕ್ಕಾಯಿತು. ಅದರ ವಿವರವಾದ ಭಾಗ, ರಾಜ್ಯಗಳ ಅನುಮೋದನೆ ಪಡೆಯಲಿಲ್ಲವೆಂಬ ಕಾರಣಕ್ಕೆ, ರಾಜ್ಯದೊಳಗಿನ ಸಂಘಗಳ ಮಟ್ಟಿಗೆ 2021ರಲ್ಲಿ ರದ್ದಾದರೂ ಆ ಹಕ್ಕು ಉಳಿದಿದೆ. ಆದರೆ ವಖಾರಿಯನ್ನು ತುಂಬುವ ಶಕ್ತಿ ಯಾವ ತಿದ್ದುಪಡಿಗೂ ಇಲ್ಲ. 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ನಮ್ಮ ವಖಾರಿ ಅರ್ಧಕ್ಕಿಂತ ಹೆಚ್ಚು ಖಾಲಿಯಿತ್ತು. ಬೆಲೆ ಏರಿದಾಗ ಮಾಲು ವ್ಯಾಪಾರಿಗೆ, ಇಳಿದಾಗ ಸಂಘಕ್ಕೆ. ಹೀಗಾದರೆ ಕೊಳ್ಳುವವರೆದುರು ನಮ್ಮ ತಕ್ಕಡಿಗೆ ತೂಕವೆಲ್ಲಿಂದ ಬರಬೇಕು? ಇದರಲ್ಲಿ ನಮ್ಮ ತಪ್ಪೂ ಇದೆ: ಮುಂಗಡ ಕೊಡುವುದು ತಡವಾಯಿತು, ದರ ಹೇಳುವುದೂ ತಡವಾಯಿತು. ಅಪ್ಪಯ್ಯನ ಪೆಟ್ಟಿಗೆಯ ರಸೀದಿಗಳನ್ನು ಕಂಡು ಬೆಳೆದ ನಾನು ಇದನ್ನು ಮರೆಯಬಾರದಿತ್ತು.

ಬರುವ ಮಹಾಸಭೆಯ ಕಾರ್ಯಸೂಚಿಯಲ್ಲಿ ಎಂಟನೆಯ ವಿಷಯವಾಗಿ ಉಪನಿಯಮದ ತಿದ್ದುಪಡಿ ಇದೆ. ಮಾಲು ತೂಗಿದ ದಿನವೇ ಮುಂಗಡ ಕೊಡುವುದು, ಪ್ರತಿ ಸದಸ್ಯರೂ ಫಸಲಿನ ಒಂದು ಪಾಲನ್ನು ಬೆಲೆ ಏರಲಿ ಇಳಿಯಲಿ ಸಂಘಕ್ಕೇ ತರುವುದು, ಎರಡನ್ನೂ ಒಟ್ಟಿಗೆ ಮಂಡಿಸುತ್ತಿದ್ದೇವೆ. ಪಾಲು ಎಷ್ಟಿರಬೇಕೆಂಬುದನ್ನು ಸಭೆಯೇ ನಿಶ್ಚಯಿಸಬೇಕೆಂದು ಅಂಕಣವನ್ನು ಖಾಲಿ ಬಿಟ್ಟಿದೆ. ಆ ಯುವ ಸದಸ್ಯರು ತಮ್ಮ ಪ್ರಶ್ನೆಯನ್ನು ಈ ಸಲ ಊಟದ ಹೊತ್ತಿಗೆ ಉಳಿಸದೆ, ಸಭೆಯಲ್ಲೇ ಎದ್ದುನಿಂತು ಕೇಳಬೇಕೆಂದು ವಿನಂತಿಸುತ್ತೇನೆ.