ತೋಳನ ಪಾಲು

‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬಲಶಾಲಿಯಾದವನು ಸಂಕಟಕ್ಕೆ ಸಿಕ್ಕಿದಾಗ, ಅವನಿಂದ ನೊಂದವರೂ ನೋಯದವರೂ ಬಂದು ತಲೆಗೊಂದು ಕಲ್ಲೆಸೆದು ಹೋಗುತ್ತಾರೆ ಎಂಬುದು ಅದರ ತಾತ್ಪರ್ಯ. ಗಾದೆಯನ್ನು ಬಳಸುವಾಗ ನಾವು ನೆನೆಯುವುದು ಮನುಷ್ಯರನ್ನು. ಹಳ್ಳದಲ್ಲಿ ಬಿದ್ದ ತೋಳನನ್ನು ನೆನೆಯುವವರಿಲ್ಲ. ಈ ಹೊತ್ತು ಕೆಲವು ನಿಮಿಷ ಆ ತೋಳನನ್ನೇ ನೆನೆಯೋಣ.

ತೋಳನ ಸುತ್ತ ಜಗತ್ತಿನ ಜನಪದರು ಮುಖ್ಯವಾಗಿ ಮೂರು ಬಗೆಯ ಕಥೆಗಳನ್ನು ಕಟ್ಟಿದ್ದಾರೆ. ಕುರಿಯನ್ನು ಕದ್ದೊಯ್ಯುವ ತೋಳನದು ಒಂದು. ತೋಳನಾಗಿ ಮಾರ್ಪಡುವ ಮನುಷ್ಯನದು ಎರಡನೆಯದು. ತೋಳ ಹಾಲೂಡಿ ಸಾಕಿದ ಮಗುವಿನದು ಮೂರನೆಯದು. ಮೊದಲನೆಯದು ನಮಗೆ ಮನೆಯ ಕಥೆ. ಉಳಿದೆರಡು ಹೊರಗಿನಿಂದ, ಪುಸ್ತಕಗಳ ಮೂಲಕ ಬಂದವೆಂದು ತೋರುತ್ತದೆ. ಆದರೆ ನಮ್ಮ ಕುರುಬರ ನಾಡಿನಲ್ಲಿ ನಿಂತು ನೋಡಿದರೆ ಈ ಮೂರಕ್ಕೂ ಒಂದೇ ಬೇರು ಇರುವುದು ಕಾಣುತ್ತದೆ.

ನಾನು ಇಟ್ಟಂಗಿಹಾಳದವನು. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸುತ್ತಣ ನಾಡು ಮಳೆ ಕಡಿಮೆಯಾದ ಬಯಲು. ಒಂದೆಡೆ ಜೋಳ ಬೆಳೆಯುವ ಎರೆಭೂಮಿ, ಇನ್ನೊಂದೆಡೆ ಕಲ್ಲುಮರಡಿ, ಕುರುಚಲು ಗಿಡ, ಹುಲ್ಲು. ತೋಳವೆಂದೊಡನೆ ದಟ್ಟವಾದ ಅರಣ್ಯವನ್ನು ಕಲ್ಪಿಸಿಕೊಳ್ಳುವುದು ಯುರೋಪಿನ ಕಥೆಗಳು ಕಲಿಸಿದ ಅಭ್ಯಾಸ. ನಮ್ಮ ತೋಳ ಅರಣ್ಯದ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ಅದಕ್ಕೆ ಶಾಸ್ತ್ರೀಯವಾದ ಹೆಸರು ದೊರೆತದ್ದೂ ಈ ಸೀಮೆಯಿಂದಲೇ. 1831ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ದಖ್ಖಣದ ತೋಳನನ್ನು ವರ್ಣಿಸಿ, ಮಾಸಲು ಕಾಲಿನದು ಎಂಬ ಅರ್ಥ ಬರುವಂತೆ ‘ಪ್ಯಾಲಿಪೀಸ್’ ಎಂದು ಹೆಸರಿಟ್ಟನು. ಶೀತದೇಶಗಳ ತೋಳಗಳಿಗಿಂತ ಇದು ಸಣ್ಣದು. ತೂಕ 20 ಕಿಲೋದ ಆಸುಪಾಸು. ಕೃಷ್ಣಮೃಗಗಳ ಹಿಂಡುಗಳು ಬಯಲಿನಲ್ಲಿ ತುಂಬಿದ್ದಾಗ ಅವು ಅದರ ಆಹಾರವಾಗಿದ್ದವು. ಆ ಹಿಂಡುಗಳು ಕರಗಿದ ಮೇಲೆ ಅದಕ್ಕೆ ಉಳಿದದ್ದು ಮುಖ್ಯವಾಗಿ ಕುರಿ, ಮೇಕೆ.

ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ರೈತನಿಗೆ ಗೊಬ್ಬರ, ಕುರುಬನಿಗೆ ಕಾಳು. ನನ್ನ ಚಿಕ್ಕಂದಿನಲ್ಲಿ ಹೀಗೆ ಬಂದು ಇಳಿದಿದ್ದ ಒಬ್ಬ ವೃದ್ಧರನ್ನು, ‘ಮುತ್ಯಾ, ತ್ವಾಳ ಕುರಿ ಒಯ್ದರ ಸಿಟ್ಟ ಬರೂದಿಲ್ಲೇನ?’ ಎಂದು ಕೇಳಿದ್ದುಂಟು. ‘ಸಿಟ್ಟ ಬರತೈತಿ ತಮ್ಮಾ. ಆದರ ಅದಕ್ಕೂ ಹೊಟ್ಟಿ ಐತಿ. ಅದರ ಪಾಲು ಅದು ಒಯ್ತೈತಿ’ ಎಂದರು. ‘ಪಾಲು’ ಎಂಬ ಆ ಶಬ್ದದ ಭಾರ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಗಡಿಯಾಚೆಯ ಧನಗರರ ನಂಬಿಕೆಗಳನ್ನು ಓದುವಾಗ. ತೋಳ ತಮ್ಮ ಒಡಹುಟ್ಟಿದವನು, ಹಿಂಡಿನಲ್ಲಿ ಅವನಿಗೂ ಹಕ್ಕುಂಟು, ಅವನು ಒಯ್ಯುವುದು ಅವನ ಪಾಲು ಎಂದು ಹೇಳುವ ಧನಗರರುಂಟು. ಕಳ್ಳನೆಂದು ನಾವು ಕರೆಯುವವನನ್ನು ಅವರು ದಾಯಾದಿಯೆಂದು ಕರೆದರು. ಕಳ್ಳನ ಮೇಲೆ ನಮಗೆ ಋಣವಿಲ್ಲ. ದಾಯಾದಿಯ ಮೇಲೆ ಉಂಟು.

ಈ ಭಾವನೆ ತೀರ ಪ್ರಾಚೀನವಾದುದು. ಋಗ್ವೇದದ ಒಂದನೆಯ ಮಂಡಲದ ಅಶ್ವಿನೀದೇವತೆಗಳ ಸೂಕ್ತಗಳಲ್ಲಿ ಋಜ್ರಾಶ್ವ ಎಂಬವನ ಪ್ರಸ್ತಾಪ ಬರುತ್ತದೆ. ಅವನು ಒಂದು ಹೆಣ್ಣುತೋಳಕ್ಕೆ ನೂರು ಕುರಿಗಳನ್ನು ಕೊಟ್ಟನು. ಸಿಟ್ಟಿಗೆದ್ದ ತಂದೆ ಅವನನ್ನು ಕುರುಡನನ್ನಾಗಿ ಮಾಡಿದನು. ಆಗ ಅವನ ಪರವಾಗಿ ಅಶ್ವಿನೀದೇವತೆಗಳಲ್ಲಿ ಮೊರೆಯಿಟ್ಟದ್ದು ಆ ಹೆಣ್ಣುತೋಳವೇ. ದೇವತೆಗಳು ಅವನಿಗೆ ಮತ್ತೆ ಕಣ್ಣು ಕೊಟ್ಟರು. ಕುರಿಯ ಲೆಕ್ಕ ಹಿಡಿದ ತಂದೆಯದು ಲೋಕನ್ಯಾಯ; ಆದರೆ ದೇವತೆಗಳು ಪಾಲು ಕೊಟ್ಟವನ ಪಕ್ಷ ವಹಿಸಿದರು.

ಹಾಗೆಂದು ನಮ್ಮ ಕುರುಬರು ತೋಳನನ್ನು ಮುದ್ದಿಸುತ್ತಿದ್ದರೆಂದು ಭಾವಿಸಬಾರದು. ಗವಿಗೆ ಹೊಗೆ ಹಾಕಿ ಮರಿಗಳನ್ನು ಕೊಂದದ್ದುಂಟು. ಸತ್ತ ಕುರಿಗೆ ವಿಷವಿಟ್ಟದ್ದುಂಟು. ಒಂದೇ ರಾತ್ರಿಯಲ್ಲಿ ಹಲವು ಕುರಿಗಳನ್ನು ಕಳೆದುಕೊಂಡ ಸಂಸಾರಕ್ಕೆ ಪುರಾಣದಿಂದ ಸಮಾಧಾನವಾಗಲಾರದು. ಭಯವೂ ಮಮತೆಯೂ ಒಟ್ಟಿಗೇ ಇದ್ದವು ಎನ್ನುವುದೇ ಸರಿ. ಭೀಮಸೇನನಿಗೆ ಮಹಾಭಾರತ ಕೊಟ್ಟ ಹೆಸರುಗಳಲ್ಲಿ ‘ವೃಕೋದರ’ ಎಂಬುದೊಂದು. ತೋಳನ ಹೊಟ್ಟೆಯವನು ಎಂದು ಅರ್ಥ. ಎಷ್ಟು ಉಂಡರೂ ತಣಿಯದ ಹಸಿವು, ದುಶ್ಶಾಸನನ ರಕ್ತವನ್ನು ಕುಡಿದ ರೋಷ, ಎರಡಕ್ಕೂ ಆ ಹೆಸರು ಒಪ್ಪುತ್ತದೆ. ನಮ್ಮ ನೆರೆಯ ಮುಧೋಳದಲ್ಲಿ ಹುಟ್ಟಿದ ರನ್ನ ತನ್ನ ಗದಾಯುದ್ಧಕ್ಕೆ ನಾಯಕನನ್ನಾಗಿ ಆರಿಸಿಕೊಂಡದ್ದು ಈ ವೃಕೋದರನನ್ನೇ. ಪಾಂಡವರದೂ ಮೂಲತಃ ಪಾಲಿನ ಜಗಳ. ಪಾಲು ತಪ್ಪಿದ ಮನೆಯಲ್ಲಿ ತೋಳನ ಹೊಟ್ಟೆಯವನು ಕೆರಳಿದನು.

ಇನ್ನು ಎರಡನೆಯ ಬಗೆಯ ಕಥೆ, ಮನುಷ್ಯ ತೋಳನಾಗುವುದು. ಗ್ರೀಕರ ಲೈಕಾನ್ ಎಂಬ ಅರಸ ದೇವರಿಗೆ ನರಮಾಂಸವನ್ನು ಬಡಿಸಿ, ಆ ಪಾಪಕ್ಕೆ ತೋಳನಾದ ಕಥೆಯನ್ನು ರೋಮಿನ ಕವಿ ಓವಿಡ್ ಹೇಳಿದ್ದಾನೆ. ಕಾವ್ಯದಲ್ಲಿ ಇದ್ದಷ್ಟು ಕಾಲ ಕಥೆಯಿಂದ ಕೇಡಿರಲಿಲ್ಲ. ಹದಿನಾರು ಹದಿನೇಳನೆಯ ಶತಮಾನಗಳ ಯುರೋಪಿನಲ್ಲಿ ಅದು ನ್ಯಾಯಾಲಯವನ್ನು ಹೊಕ್ಕಿತು. 1589ರಲ್ಲಿ ಜರ್ಮನಿಯ ಕಲೋನ್ ನಗರದ ಸಮೀಪದ ಬೆಡ್‌ಬರ್ಗ್‌ನಲ್ಲಿ ಪೀಟರ್ ಸ್ಟುಂಪ್ ಎಂಬವನನ್ನು ತೋಳನಾಗುವ ಅಪರಾಧಕ್ಕಾಗಿ ಘೋರವಾಗಿ ಕೊಂದರು. 1603ರಲ್ಲಿ ಫ್ರಾನ್ಸಿನ ಬೋರ್ಡೋ ನ್ಯಾಯಾಲಯದ ಮುಂದೆ ಜಾನ್ ಗ್ರೆನಿಯೇ ಎಂಬ ಹುಡುಗ ನಿಂತನು. ಮನೆಯಿಂದ ಹೊರಬಿದ್ದು, ತಿರಿದುಂಡು, ದನ ಕಾಯ್ದುಕೊಂಡಿದ್ದ ಹದಿಮೂರು ಹದಿನಾಲ್ಕರ ಪೋರ. ತಾನು ತೋಳನಾಗಿ ಮಕ್ಕಳನ್ನು ತಿಂದೆನೆಂದು ಅವನೇ ಹೇಳಿಕೊಂಡನು. ನ್ಯಾಯಾಧೀಶರು ವಿವೇಕಿಗಳು, ಇದು ಬುದ್ಧಿಭ್ರಮಣೆಯೆಂದು ತಿಳಿದು, ಕೊಲ್ಲಿಸದೆ ಮಠವೊಂದರಲ್ಲಿ ಇರಿಸಿದರು. ಯಾರೂ ಪಾಲು ಕೊಡದ ಒಂದು ಮಗು ತನ್ನನ್ನು ತೋಳವೆಂದು ಕರೆದುಕೊಂಡದ್ದರಲ್ಲಿ ಆಶ್ಚರ್ಯವೇನು?

ಕನ್ನಡನಾಡಿನಲ್ಲಿ ಮನುಷ್ಯ ಪ್ರಾಣಿಯಾಗುವುದಿಲ್ಲವೆ? ಆಗುತ್ತಾನೆ; ಆದರೆ ತೋಳನಾಗಿ ಅಲ್ಲ, ನಾಯಿಯಾಗಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ರಾಣೆಬೆನ್ನೂರಿನ ಬಳಿಯ ದೇವರಗುಡ್ಡದಲ್ಲಿ ಗೊರವರನ್ನು ನೋಡಿದವರಿಗೆ ಇದು ತಿಳಿದದ್ದೇ. ಕರಿಯ ಕಂಬಳಿ, ಕರಡಿಯ ಕೂದಲಿನ ಕುಲಾವಿ, ಕೈಯಲ್ಲಿ ಡಮರುಗ. ಮೈಲಾರಲಿಂಗನು ಮಣಿಮಲ್ಲಾಸುರರನ್ನು ಸಂಹರಿಸಲು ಹೊರಟಾಗ ಅವನ ಜೊತೆ ನಾಯಿಗಳಾಗಿ ನಡೆದವರು ತಾವು ಎಂಬುದು ಅವರ ನಂಬಿಕೆ. ಭಕ್ತರು ದೋಣಿಯಲ್ಲಿ ಹಾಲು, ಬಾಳೆಯ ಹಣ್ಣು ಮೊದಲಾದುವನ್ನು ತುಂಬಿಸಿದಾಗ ಗೊರವರು ಬೊಗಳುತ್ತ, ಒಬ್ಬರನ್ನೊಬ್ಬರು ನೂಕುತ್ತ, ನೇರವಾಗಿ ಬಾಯಿ ಹಾಕಿ ತಿನ್ನುತ್ತಾರೆ. ಉತ್ತರ ಕರ್ನಾಟಕದ ವಗ್ಗಯ್ಯ, ಮಹಾರಾಷ್ಟ್ರದ ಜೇಜೂರಿಯ ವಾಘ್ಯಾ ಇದೇ ಸಂಪ್ರದಾಯದವರು. ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಈ ಪಶುಪಾಲಕ ದೈವಗಳ ಅಧ್ಯಯನದಲ್ಲಿ ಜೀವಮಾನವನ್ನೇ ಕಳೆದರು.

ನಾಯಿ ಎಂದರೆ ಮೂಲದಲ್ಲಿ ತೋಳವೇ. ಕನಿಷ್ಠ 14,000 ವರ್ಷಗಳ ಹಿಂದೆಯೇ ಅದು ಮನುಷ್ಯನ ಜೊತೆಗೆ ಬಂದಿತ್ತು. ಬೇರೆ ಮಾತಿನಲ್ಲಿ ಹೇಳುವುದಾದರೆ, ಪಾಲು ಗೊತ್ತಾದ ತೋಳ ನಾಯಿ. ಪಾಲು ಗೊತ್ತಾಗದ ನಾಯಿ ತೋಳ. ಗೊರವನ ಆಚರಣೆಯಲ್ಲಿ ಮನುಷ್ಯನೊಳಗಿನ ಮೃಗಕ್ಕೆ ಹಾಡುಹಗಲು, ಊರವರ ಮುಂದೆ, ದೇವರ ಹೆಸರಿನಲ್ಲಿ ಒಂದು ದೋಣಿ ಅನ್ನ ಸಿಗುತ್ತದೆ. ಸೇವೆ ಮುಗಿದ ಮೇಲೆ ಅವನು ಎದ್ದು ಬಾಯೊರೆಸಿಕೊಂಡು ಭಂಡಾರ ಹಚ್ಚಿ ಹರಸುತ್ತಾನೆ. ಯುರೋಪು ಸುಡಲು ಹುಡುಕಿದ್ದನ್ನು ನಮ್ಮ ಜನಪದರು ಕರೆದು ಉಣಬಡಿಸಿದರು.

ಇದರಿಂದ ನಾವು ಮೇಲೆಂದು ಬೀಗಬೇಕಾಗಿಲ್ಲ. 1996ರಲ್ಲಿ ಉತ್ತರ ಪ್ರದೇಶದ ಪ್ರತಾಪಗಢ, ಸುಲ್ತಾನಪುರ, ಜೌನಪುರ ಜಿಲ್ಲೆಗಳಲ್ಲಿ ತೋಳಗಳು ಮಕ್ಕಳನ್ನು ಎತ್ತಿಕೊಂಡು ಹೋದವು. ಅದು ದಿಟವಾದ ದುಃಖ. ಆದರೆ ಮಕ್ಕಳನ್ನು ಒಯ್ಯುತ್ತಿರುವುದು ತೋಳನ ರೂಪದ ಮನುಷ್ಯನೆಂದು ವದಂತಿ ಹಬ್ಬಿತು. ಊರಿಗೆ ಬಂದ ಅಪರಿಚಿತರನ್ನು ಹಿಡಿದು ಬಡಿದರು, ಕೆಲವರು ಸತ್ತರು. ಆಳಿಗೊಂದು ಕಲ್ಲು ಬಿದ್ದದ್ದು ತೋಳನ ಮೇಲಲ್ಲ, ದಾರಿಹೋಕನ ಮೇಲೆ.

ಮೂರನೆಯದು ತೋಳನ ಮಕ್ಕಳ ಕಥೆ. ರೋಮಿನ ರಾಮುಲಸ್ ರೀಮಸರಿಂದ ಹಿಡಿದು 1894ರಲ್ಲಿ ಕಿಪ್ಲಿಂಗ್ ಬರೆದ ಮೌಗ್ಲಿಯವರೆಗೆ ಇದು ಪ್ರಸಿದ್ಧ. ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಬಲ್ಲದ್ದು ಮಿಡ್ನಾಪುರದ ಕಮಲಾ, ಅಮಲಾರನ್ನು. ಪಾದ್ರಿ ಸಿಂಗ್ ಎಂಬವರು 1920ರಲ್ಲಿ ತೋಳನ ಗವಿಯಿಂದ ಈ ಇಬ್ಬರು ಹುಡುಗಿಯರನ್ನು ತಂದುದಾಗಿ ಹೇಳಿದರು. ಅಮಲಾ 1921ರಲ್ಲಿ, ಕಮಲಾ 1929ರಲ್ಲಿ ತೀರಿಕೊಂಡರು. ಸಿಂಗ್ ಅವರ ದಿನಚರಿ 1942ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಸಮಾಜಶಾಸ್ತ್ರದ ಪಾಠಗಳಲ್ಲಿ, ಸಂಗದಿಂದಲೇ ಮನುಷ್ಯ ಮನುಷ್ಯನಾಗುತ್ತಾನೆ ಎಂಬುದಕ್ಕೆ ಇದೇ ನಿದರ್ಶನವಾಯಿತು.

ನಿದರ್ಶನ ಗಟ್ಟಿಯಾದುದಲ್ಲ. ಸಮಾಜಶಾಸ್ತ್ರಜ್ಞ ಆಗ್‌ಬರ್ನ್ ಮತ್ತು ನಮ್ಮವರೇ ಆದ ನಿರ್ಮಲ್ ಕುಮಾರ್ ಬೋಸ್ ಸ್ಥಳಕ್ಕೆ ಸಂಬಂಧಿಸಿದ ವಿಚಾರಣೆ ನಡೆಸಿ 1959ರಲ್ಲಿ ವರದಿ ಪ್ರಕಟಿಸಿದರು. ಗವಿಯ ಕಥೆಗೆ ನಂಬಬಹುದಾದ ಆಧಾರ ಸಿಗಲಿಲ್ಲ. ಅದೇ ವರ್ಷ ಬೆಟಲ್‌ಹೈಮ್ ಎಂಬ ಮನೋವಿಜ್ಞಾನಿ, ಇಂಥ ಮಕ್ಕಳ ನಡವಳಿಕೆ ಆಟಿಸಮ್ ಇರುವ ಮಕ್ಕಳದನ್ನು ಹೋಲುತ್ತದೆಂದು ತೋರಿಸಿದರು. 2007ರಲ್ಲಿ ಫ್ರಾನ್ಸಿನ ಸರ್ಜ್ ಅರೋಲ್ ದಾಖಲೆಗಳನ್ನು ಶೋಧಿಸಿ, ದಿನಚರಿಯು ಆ ಮಕ್ಕಳು ಸತ್ತ ಮೇಲೆ ಬರೆದದ್ದೆಂದು ವಾದಿಸಿದರು. ಪ್ರಾಣಿಶಾಸ್ತ್ರವೂ ಇದಕ್ಕೆ ವಿರೋಧವಾಗಿದೆ. ತೋಳ ತನ್ನ ಮರಿಗೆ ಹಾಲೂಡುವುದು ಎಂಟು ಹತ್ತು ವಾರ ಮಾತ್ರ. ಆ ಹೊತ್ತಿಗೆ ಮನುಷ್ಯರ ಕೂಸು ಕತ್ತು ನಿಲ್ಲಿಸಲೂ ಕಲಿತಿರುವುದಿಲ್ಲ. ಅದರ ಮುಂದಿನ ದಿನಗಳ ಹಾಲೆಲ್ಲಿಂದ?

ಹಾಗಾದರೆ ಆ ಹುಡುಗಿಯರು ಯಾರು? ಮಾತು ಬಾರದ, ನಡಿಗೆ ಹತ್ತದ, ಹೆತ್ತವರಿಗೆ ಹೊರೆಯಾದ ಮಕ್ಕಳಿರಬಹುದು. ಅವರನ್ನು ಬಿಟ್ಟು ಹೋದವರು ಮನುಷ್ಯರು. ಬಿಟ್ಟವರ ಹೆಸರು ಮರೆಯಾಗಿ, ಸಾಕಿತೆಂಬ ಕೀರ್ತಿಯೂ ಕೆಡಿಸಿತೆಂಬ ಅಪಕೀರ್ತಿಯೂ ತೋಳನಿಗೆ ಬಂದವು.

ಇಲ್ಲಿ ನಮ್ಮ ಡೊಳ್ಳಿನ ಪದಗಳ ಬೀರಪ್ಪನನ್ನು ನೆನೆಯಬೇಕು. ವಿವರಗಳು ಹಾಡುವ ಮೇಳದಿಂದ ಮೇಳಕ್ಕೆ ಬೇರೆಯಾದರೂ ತಿರುಳು ಒಂದೇ: ಹಸುಗೂಸನ್ನು ತೊಟ್ಟಿಲಸಹಿತ ಅಡವಿಯಲ್ಲಿ ಬಿಟ್ಟರು, ಮಾಯವ್ವ ಅದನ್ನು ಎತ್ತಿಕೊಂಡು ಸಾಕಿದಳು. ಆಕೆ ಚಿಂಚಲಿಯಲ್ಲಿ ಇಂದಿಗೂ ಪೂಜೆಗೊಳ್ಳುತ್ತಾಳೆ. ತೋಳನನ್ನು ಇಷ್ಟು ಹತ್ತಿರದಿಂದ ಕಂಡ ಜನ ತಮ್ಮ ದೈವವನ್ನು ತೋಳನ ಮೊಲೆಗೆ ಹಚ್ಚಲಿಲ್ಲ. ಬಿಟ್ಟದ್ದು ಮನುಷ್ಯರು ಎಂದೂ ಎತ್ತಿಕೊಂಡದ್ದು ಒಬ್ಬ ಹೆಣ್ಣುಮಗಳು ಎಂದೂ ನೇರವಾಗಿ ಹಾಡಿದರು. 1971ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ಹಯವದನ’ದಲ್ಲಿಯೂ ಇಂಥದೊಂದು ಮಗುವುಂಟು. ತಾಯಿ ಪದ್ಮಿನಿ ಅದನ್ನು ಅಡವಿಯ ಬೇಡರ ಕೈಗೆ ಒಪ್ಪಿಸಲು ಹೇಳಿ ಚಿತೆಯೇರುತ್ತಾಳೆ. ನಗದ, ಮಾತಾಡದ ಆ ಹುಡುಗ ಮೊದಲ ಬಾರಿ ನಕ್ಕದ್ದು ಕುದುರೆಮುಖದ ಹಯವದನನನ್ನು ಕಂಡಾಗ. ಅವನ ಮೌನಕ್ಕೆ ಅಡವಿ ಕಾರಣವಲ್ಲ, ದೊಡ್ಡವರ ಬಾಳು ಕಾರಣ ಎಂಬುದನ್ನು ನಾಟಕ ನೋಡಿದವರು ಬಲ್ಲರು.

ಈ ಮೂರೂ ಕಥೆಗಳ ಬೇರು ಇದು: ಮನುಷ್ಯ ತಾನು ಕೊಡಬೇಕಾದದ್ದನ್ನು ಕೊಡದೆ ಹೋದಾಗ, ಆ ಬಾಕಿಯನ್ನು ತೋಳನ ಲೆಕ್ಕಕ್ಕೆ ಬರೆದನು. ಮೇವಿನ ಬಯಲನ್ನು ಉತ್ತು, ಜಿಂಕೆಯನ್ನು ಬೇಟೆಯಾಡಿ ಮುಗಿಸಿ, ಉಳಿದ ತೋಳನನ್ನು ಕಳ್ಳನೆಂದನು. ಹೊರದಬ್ಬಿದ ಬಡವನನ್ನು ತೋಳವೆಂದನು. ಬಿಟ್ಟು ಬಂದ ಮಗುವನ್ನು ತೋಳನ ಮಗುವೆಂದನು. ಕುರುಬರ ನಂಬಿಕೆಯೊಂದರಲ್ಲಿ ಮಾತ್ರ ಋಣವನ್ನು ಋಣವೆಂದು ಒಪ್ಪಿಕೊಂಡದ್ದು ಕಾಣುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತೋಳನಿಗೆ ಹುಲಿಗೆ ಸಮನಾದ ರಕ್ಷಣೆ ಕೊಟ್ಟಿದೆ. 1974ರಲ್ಲಿ ಮೇಲುಕೋಟೆಯ ಕುರುಚಲು ಕಾಡು ತೋಳನ ಸಲುವಾಗಿ ಅಭಯಾರಣ್ಯವಾಯಿತು. 2024ರಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರು ನೆಲವನ್ನು ತೋಳಗಳಿಗೆಂದೇ ಮೀಸಲಿಡಲು ಸರ್ಕಾರ ಒಪ್ಪಿತು. ಇದು ಸಂತೋಷದ ಸಂಗತಿ. ಆದರೆ ತೋಳ ಬೇಲಿಯೊಳಗೆ ನಿಲ್ಲುವ ಪ್ರಾಣಿಯಲ್ಲ. ಅದರ ಬಹುಪಾಲು ಬಾಳು ಹೊಲ, ಮರಡಿ, ಕುರಿಯ ದಡ್ಡಿಗಳ ನಡುವೆಯೇ ಸಾಗುತ್ತದೆ. ಅಲ್ಲಿ ಅದನ್ನು ಉಳಿಸುವವನು ಅಥವಾ ಅಳಿಸುವವನು ಕುರುಬನೇ. ಅವನು ಕಳೆದುಕೊಂಡ ಕುರಿಗೆ ತಕ್ಕ ಪರಿಹಾರ ತಡವಿಲ್ಲದೆ ಅವನ ಕೈ ಸೇರಬೇಕು. ಅವನು ಮೇಯಿಸುವ ಬಯಲು ಬಯಲಾಗಿಯೇ ಉಳಿಯಬೇಕು. ಅಷ್ಟನ್ನು ಮಾಡದೆ, ತೋಳನ ಪಾಲನ್ನು ಬಡ ಕುರುಬನೊಬ್ಬನೇ ತನ್ನ ಹಿಂಡಿನಿಂದ ತೆರಲಿ ಎಂದು ನಾವು ಪಟ್ಟಣಗಳಲ್ಲಿ ಕುಳಿತು ಉಪದೇಶಿಸುವುದು ನ್ಯಾಯವಲ್ಲ.