ತಗ್ಗು ನೀರಿನಲ್ಲಿ ಹಡಗು ಕುಸಿಯುವುದೇಕೆ?

ಬಂಕಾಪುರದಲ್ಲಿರುವ ನಮಗೆ ಹಡಗೆಂದರೆ ಬಹುಮಟ್ಟಿಗೆ ಚಿತ್ರದಲ್ಲಿ ಕಂಡ ವಸ್ತು. ಆದರೂ ಅದರ ಒಂದು ವಿಚಿತ್ರ ವರ್ತನೆಯನ್ನು ಅರಿಯಲು ಹೊಲದ ಕಾಲುವೆಯೇ ಸಾಕು. ನಿಧಾನವಾಗಿ ಹರಿಯುವ ಕಾಲುವೆಯ ನಡುವೆ ದಪ್ಪ ಕಲ್ಲೊಂದನ್ನಿಟ್ಟರೆ ಅದರ ಇಕ್ಕೆಲಗಳ ಕಿರಿದಾದ ಎಡೆಯಲ್ಲಿ ನೀರು ರಭಸದಿಂದ ನುಗ್ಗುತ್ತದೆ. ಅಲ್ಲಿಯೇ ನೀರಿನ ಮಟ್ಟವು ತುಸು ತಗ್ಗಿರುತ್ತದೆ.

ಈಗ ನೀರು ನಿಂತಿದೆ, ಕಲ್ಲೇ ಚಲಿಸುತ್ತಿದೆಯೆಂದು ಭಾವಿಸೋಣ. ಅದೇ ಹಡಗು. ಅದು ಮುಂದೊತ್ತಿದ ನೀರು ಹಿಂದಕ್ಕೆ ಸರಿಯಲೇಬೇಕು. ಆಳವಾದ ಕಡಲಿನಲ್ಲಿ ಅದಕ್ಕೆ ದಾರಿಗಳು ಹಲವು. ತಳವು ಸಮೀಪಿಸಿದಾಗಲಾದರೋ ಹಡಗಿನ ಅಡಿಗೂ ನೆಲಕ್ಕೂ ನಡುವಣ ಇಕ್ಕಟ್ಟಿನಲ್ಲಿ ಅದು ಓಡಬೇಕಾಗುತ್ತದೆ. ಓಟ ಹೆಚ್ಚಿದಲ್ಲಿ ಒತ್ತಡವು ಕಡಿಮೆಯಾಗುವುದೆಂಬ ತತ್ತ್ವವು ಡೇನಿಯಲ್ ಬರ್ನೂಲಿಯ ಹೆಸರಿನಿಂದ ಪ್ರಸಿದ್ಧವಾಗಿದೆ. ಎತ್ತಿ ಹಿಡಿದಿದ್ದ ಒತ್ತಡವು ಕುಗ್ಗಿದುದರಿಂದ ಹಡಗು ಕೆಳಗಿಳಿಯುತ್ತದೆ. ಅದರ ತೂಕವು ಗುಂಜಿಯಷ್ಟೂ ಹೆಚ್ಚಿರುವುದಿಲ್ಲ; ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ನಾವಿಕರು ಇದನ್ನು ‘ಸ್ಕ್ವಾಟ್’, ಎಂದರೆ ಕುಕ್ಕರಗಾಲಿನಲ್ಲಿ ಕೂರುವುದು, ಎನ್ನುತ್ತಾರೆ.

1975ರಲ್ಲಿ ಉದ್ಘಾಟನೆಯಾದ ಪಣಂಬೂರಿನ ನವಮಂಗಳೂರು ಬಂದರನ್ನು ನೋಡೋಣ. ಅದನ್ನು ಸೇರಲು ಕಡಲತಳವನ್ನು ಅಗೆದು ಮಾಡಿದ ಸುಮಾರು 7.5 ಕಿ.ಮೀ. ಉದ್ದದ ಕಾಲುವೆಯುಂಟು, ಆಳ ಸುಮಾರು 15.4 ಮೀಟರು. ನೀರಿನೊಳಗೆ 14 ಮೀಟರು ಮುಳುಗಿದ ಹಡಗಿಗೆ ಉಳಿಯುವುದು 1.4 ಮೀಟರು, ಜೊತೆಗೆ ಭರತವು ಕೊಟ್ಟಷ್ಟು. ಕುಸಿತವನ್ನು ಅಂದಾಜುಮಾಡಲು ಒಂದು ಸುಲಭ ಸೂತ್ರವಿದೆ. ವೇಗವು ಎಷ್ಟು ನಾಟ್ ಎಂಬುದರ ವರ್ಗವನ್ನು ಹಡಗಿನ ಸ್ಥೂಲತೆಯ ಅಂಕದಿಂದ ಗುಣಿಸಿ 100ರಿಂದ ಭಾಗಿಸಿದರೆ ಮೀಟರುಗಳು ದೊರೆಯುತ್ತವೆ. ತೈಲ ಸಾಗಿಸುವ ದಪ್ಪ ಹಡಗಿಗೆ ಆ ಅಂಕ ಸುಮಾರು 0.8. 10 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ 18.5 ಕಿ.ಮೀ.ಗೆ, ಕುಸಿತವು 80 ಸೆಂಟಿಮೀಟರು. ಎರಡೂ ಬದಿಗೆ ದಂಡೆಯಿರುವ ಇಕ್ಕಟ್ಟಾದ ಕಾಲುವೆಯಲ್ಲಿ ಅದರ ಇಮ್ಮಡಿ, 1.6 ಮೀಟರು! ವೇಗವನ್ನು ಅರ್ಧಕ್ಕಿಳಿಸಿದರೆ ಕುಸಿತವು ಕಾಲುಭಾಗವಾಗುತ್ತದೆ.

1992ರ ಆಗಸ್ಟ್ 7ರಂದು ಅಮೆರಿಕದ ಮಸಾಚುಸೆಟ್ಸ್ ಕರಾವಳಿಯಲ್ಲಿ ‘ಕ್ವೀನ್ ಎಲಿಜಬೆತ್ 2’ ಎಂಬ ಪ್ರಯಾಣಿಕರ ಹಡಗು ಸುಮಾರು 25 ನಾಟ್ ವೇಗದಲ್ಲಿ ಸಾಗುತ್ತ ಅಡಿಯನ್ನು ಬಂಡೆಗೆ ಉಜ್ಜಿಕೊಂಡಿತು. ನಕ್ಷೆಯ ಲೋಪವೂ ಇದ್ದಿತು. ಕುಸಿತದ ಅಂದಾಜೂ ತಪ್ಪಿತ್ತು.

ಹಾಗಾದರೆ ಆಮೆಯಂತೆ ಸಾಗಬಾರದೇಕೆ? ದಂಡೆಯ ಪಕ್ಕದಲ್ಲಿಯೂ ಒತ್ತಡವು ಇದೇ ರೀತಿ ಕುಗ್ಗಿ, ಹಡಗಿನ ಹಿಂಭಾಗವು ದಂಡೆಯತ್ತ ಸೆಳೆಯಲ್ಪಡುತ್ತದೆ. ಮೂತಿ ಆಚೆಗೆ ಹೊರಳುತ್ತದೆ. ಅದನ್ನು ತಿದ್ದಬೇಕಾದ ಚುಕ್ಕಾಣಿಗೆ ಹರಿಯುವ ನೀರೇ ಬಲ. ವೇಗ ತೀರ ಇಳಿದರೆ ಚುಕ್ಕಾಣಿಯು ಹಡಗಿನ ಮೇಲಿನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಬಂದರಿನ ಪೈಲಟ್ ಈ ಎರಡು ಅಪಾಯಗಳ ನಡುವಣ ವೇಗವನ್ನು ಹಿಡಿದು ಹಡಗನ್ನು ಒಳತರುತ್ತಾನೆ.