ಮಗುವಿನ ಜಾವಳದ ವಿಡಿಯೊ ಎಲ್ಲಿದೆ? ಮನೆಯಲ್ಲಿ ಮೀಡಿಯಾ ಸರ್ವರ್ ಇಟ್ಟವರು, ಇಡೋರು ತಿಳಿದಿರಬೇಕಾದ್ದು

ಯಾದಗಿರಿ: ಮೊಬೈಲ್ ತುಂಬಿತು ಅಂತ ವಿಡಿಯೊ ಪೆನ್‌ಡ್ರೈವ್‌ಗೆ ಹಾಕಿಸಿದ್ರು. ಪೆನ್‌ಡ್ರೈವ್ ಎಲ್ಲಿಟ್ಟೆವು ಅಂತ ಈಗ ಯಾರಿಗೂ ನೆನಪಿಲ್ಲ. ಮದುವೆ ಡಿವಿಡಿ ಕಪಾಟಿನಲ್ಲಿದೆ, ಹಾಕಿ ನೋಡೋಕೆ ಪ್ಲೇಯರ್ ಇಲ್ಲ. ಮಗುವಿನ ತೊಟ್ಟಿಲು ಕಾರ್ಯ, ಜಾವಳ, ಮೊದಲ ಸಲ ಮೈಲಾಪುರ ಜಾತ್ರೆಗೆ ಕರೆದೊಯ್ದದ್ದು, ಈಗಿಲ್ಲದ ಮುತ್ಯಾನ ದನಿ, ಎಲ್ಲವೂ ಇಂಥ ಯಾವುದೋ ಒಂದು ಮೂಲೆಯಲ್ಲಿ ಬಿದ್ದಿರುತ್ತವೆ. ಇದು ಗಿರಿನಾಡಿನ ಬಹುತೇಕ ಮನೆಗಳ ಕಥೆ.

ಇದಕ್ಕೆ ಪರಿಹಾರವಾಗಿ ಕಂಪ್ಯೂಟರ್ ಮೇಲೆ ಸ್ವಲ್ಪ ಹವ್ಯಾಸ ಇರುವ ಅಪ್ಪ–ಅಮ್ಮಂದಿರು ಹಿಡಿಯುವ ದಾರಿ ‘ಹೋಂ ಮೀಡಿಯಾ ಸರ್ವರ್’. ಶುರು ಮಾಡೋದು ಒಂದು ಭಾನುವಾರದ ಕೆಲಸ. ಆದರೆ ಅದನ್ನು ಐದಾರು ವರ್ಷ ಕೆಡದಂತೆ ನಡೆಸೋದೇ ನಿಜವಾದ ಕೆಲಸ. ಅದರಲ್ಲೂ ನಮ್ಮ ಬಿಸಿಲು, ನಮ್ಮ ಕರೆಂಟ್ ನಡುವೆ.

ಏನಿದು ಮೀಡಿಯಾ ಸರ್ವರ್?

ಹೆಸರು ದೊಡ್ಡದು, ವಿಷಯ ಸಣ್ಣದು. ಮನೆಯ ಒಂದು ಮೂಲೆಯಲ್ಲಿ ಸದಾ ಚಾಲೂ ಇರುವ ಕಂಪ್ಯೂಟರ್. ಅದರ ಹಾರ್ಡ್‌ಡಿಸ್ಕ್‌ನಲ್ಲಿ ಮನೆಯ ಎಲ್ಲ ಫೋಟೊ, ವಿಡಿಯೊ, ಹಾಡು. ವೈಫೈ ಮೂಲಕ ಟಿವಿ, ಮೊಬೈಲ್, ಟ್ಯಾಬ್ ಎಲ್ಲದರಲ್ಲೂ ಅವನ್ನು ನೋಡಬಹುದು. ಇಂಟರ್‌ನೆಟ್ ಬಂದ್ ಆದರೂ ಮನೆಯೊಳಗೆ ನಡೆಯುತ್ತದೆ.

ಇದಕ್ಕೆ ಬೇಕಾದ ಸಾಫ್ಟ್‌ವೇರ್‌ಗಳಲ್ಲಿ ‘ಪ್ಲೆಕ್ಸ್’ ಮತ್ತು ‘ಜೆಲ್ಲಿಫಿನ್’ ಹೆಚ್ಚು ಪರಿಚಿತ. ಪ್ಲೆಕ್ಸ್‌ನಲ್ಲಿ ಕೆಲವು ಸೌಲಭ್ಯಕ್ಕೆ ಹಣ ಕಟ್ಟಬೇಕು. ಮನೆಯ ಹೊರಗಿನಿಂದ ವಿಡಿಯೊ ನೋಡುವುದನ್ನೂ 2025ರಲ್ಲಿ ಹಣದ ಸೌಲಭ್ಯಕ್ಕೆ ಸೇರಿಸಲಾಯಿತು. 2018ರ ಡಿಸೆಂಬರ್‌ನಲ್ಲಿ ಶುರುವಾದ ಜೆಲ್ಲಿಫಿನ್ ಪೂರ್ತಿ ಉಚಿತ. ಮೊಬೈಲ್‌ನಲ್ಲಿ ತೆಗೆದ ಫೋಟೊ ತಾನಾಗೇ ಸರ್ವರ್‌ಗೆ ಬಂದು ಬೀಳಬೇಕು ಅನ್ನೋರಿಗೆ ‘ಇಮ್ಮಿಚ್’ ಇದೆ, ಅದೂ ಉಚಿತ.

ಗೂಗಲ್ ಫೋಟೋಸ್ ಇದೆಯಲ್ಲ, ಸಾಲದೇ? 2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದ ಉಚಿತ ಜಾಗ ನಿಂತಿದೆ. ಈಗ ಉಚಿತವಾಗಿ ಸಿಗೋದು 15 ಜಿಬಿ, ಅದರಲ್ಲೇ ಜಿಮೇಲ್ ಕೂಡ ಬಂತು. ಮೊಬೈಲ್‌ನ ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ ಹಿಡಿಯಿತು ಅಂತಿಟ್ಟುಕೊಂಡರೆ, 15 ಜಿಬಿ ಎರಡು ತಾಸಿನ ವಿಡಿಯೊಗೂ ಸಾಲೋದಿಲ್ಲ. 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ಅಂಥ ವಿಡಿಯೊ ಸುಮಾರು 125 ತಾಸಿನಷ್ಟು ಕೂರುತ್ತದೆ.

ಮೊದಲು ಕರೆಂಟ್ ಲೆಕ್ಕ

ಹೊಸ ಮಷಿನ್ ಬೇಕಿಲ್ಲ. ಪರದೆ ಒಡೆದ ಹಳೇ ಲ್ಯಾಪ್‌ಟಾಪ್ ಆದರೂ ಸಾಕು. ಆದರೆ ಅದು ದಿನದ 24 ತಾಸೂ ಉರಿಯುತ್ತದೆ ಅನ್ನೋದು ನೆನಪಿರಲಿ. 20 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ತಿಂಗಳಿಗೆ ಸುಮಾರು 14 ಯೂನಿಟ್ ತಿನ್ನುತ್ತದೆ. 60 ವ್ಯಾಟ್ ಎಳೆಯುವ ಹಳೇ ಡೆಸ್ಕ್‌ಟಾಪ್ ಆದರೆ 43 ಯೂನಿಟ್. 5 ವ್ಯಾಟ್‌ನ ರಾಸ್ಪ್‌ಬೆರಿ ಪೈ ಥರದ ಅಂಗೈ ಗಾತ್ರದ ಬೋರ್ಡ್ ಆದರೆ ನಾಲ್ಕು ಯೂನಿಟ್ ಒಳಗೆ.

ಗೃಹಜ್ಯೋತಿ ಫಲಾನುಭವಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆ ಆಧರಿಸಿ ಮಿತಿ ಇದೆ. ಮಿತಿ ಮೀರಿದ ಯೂನಿಟ್‌ಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಜೆಸ್ಕಾಂ ಬಿಲ್ ಒಮ್ಮೆ ತೆಗೆದು ನೋಡಿ, ಎಷ್ಟು ಯೂನಿಟ್ ಅಂತರವಿದೆ ಲೆಕ್ಕ ಹಾಕಿ, ಆಮೇಲೆ ಮಷಿನ್ ಆರಿಸಿಕೊಳ್ಳಿ. ರಾತ್ರಿ ಯಾರೂ ನೋಡದ ಹೊತ್ತಿನಲ್ಲಿ ತಾನಾಗೇ ಬಂದ್ ಆಗುವಂತೆಯೂ ಮಾಡಬಹುದು.

ಕರೆಂಟ್ ಹೋದಾಗ ಏನಾಗುತ್ತದೆ?

ಹಾರ್ಡ್‌ಡಿಸ್ಕ್‌ನಲ್ಲಿ ಫೈಲ್ ಬರೆಯುತ್ತಿರುವಾಗ ತಟ್ಟನೆ ಕರೆಂಟ್ ಹೋದರೆ ಆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಕೆಲವೊಮ್ಮೆ ಡಿಸ್ಕ್‌ನ ಸೂಚಿಯೇ ಕೆಟ್ಟು, ಇದ್ದ ಫೈಲ್‌ಗಳೂ ಕಾಣದಂತಾಗುತ್ತವೆ. ಮಳೆ–ಗಾಳಿ ದಿನಗಳಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಅಪಾಯ ಇನ್ನೂ ಹೆಚ್ಚು.

ಲ್ಯಾಪ್‌ಟಾಪ್‌ಗೆ ಒಳಗೇ ಬ್ಯಾಟರಿ ಇರೋದರಿಂದ ಅದೇ ಅದರ ಯುಪಿಎಸ್. ಆದರೆ ಇಲ್ಲೊಂದು ಮರೆಯುವ ಸಂಗತಿ ಇದೆ. ಬೇರೆ ಅಡಾಪ್ಟರ್ ಇರುವ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕ್ ಹಾಕಿದ್ದರೆ, ಲ್ಯಾಪ್‌ಟಾಪ್ ನಡೆಯುತ್ತಿದ್ದರೂ ಡಿಸ್ಕ್ ಮಾತ್ರ ಸತ್ತಿರುತ್ತದೆ. ಯುಎಸ್‌ಬಿ ವೈರ್‌ನಿಂದಲೇ ಕರೆಂಟ್ ಪಡೆಯುವ ಸಣ್ಣ ಡಿಸ್ಕ್‌ಗೆ ಈ ತೊಂದರೆ ಇಲ್ಲ. ಹಳೇ ಬ್ಯಾಟರಿ ಉಬ್ಬಿದ್ದರೆ ಒಂದು ದಿನವೂ ತಡಮಾಡದೆ ತೆಗೆಸಬೇಕು, ಅದು ಬೆಂಕಿಗೆ ದಾರಿ.

ಡೆಸ್ಕ್‌ಟಾಪ್ ಇದ್ದವರು ಮನೆಯ ಇನ್ವರ್ಟರ್ ನಂಬುವ ಮೊದಲು ಅದರ ಸ್ವಿಚ್ ನೋಡಿ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ‘ನಾರ್ಮಲ್’ ಮತ್ತು ‘ಯುಪಿಎಸ್’ ಅಂತ ಎರಡು ಆಯ್ಕೆ ಇರುತ್ತವೆ. ನಾರ್ಮಲ್‌ನಲ್ಲಿ ಕರೆಂಟ್ ಬದಲಾಗೋಕೆ ತೆಗೆದುಕೊಳ್ಳುವ ಕ್ಷಣಮಾತ್ರದ ತಡದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಬಿಸಿಲು, ಧೂಳು

ಬಹುತೇಕ ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿವರೆಗಿನ ಕೋಣೆಯಲ್ಲಿ ಬಳಸಿ ಅಂತ ಕಂಪನಿಗಳೇ ಹೇಳುತ್ತವೆ. ಏಪ್ರಿಲ್–ಮೇನಲ್ಲಿ ಯಾದಗಿರಿ, ಶಹಾಪುರ, ಸುರಪುರದಲ್ಲಿ ಹೊರಗೆ 40 ದಾಟುತ್ತದೆ. ಪತ್ರಾಸಿನ ಕೋಣೆಯಾದರೆ ಒಳಗೂ ಕಡಿಮೆ ಏನಿಲ್ಲ.

ಆದ್ದರಿಂದ ಸರ್ವರ್ ಅನ್ನು ಟಿವಿ ಹಿಂದೆ, ಬಾಗಿಲು ಮುಚ್ಚಿದ ಕಪಾಟಿನಲ್ಲಿ, ದೇವರ ಮನೆ ಪಕ್ಕದ ಗೂಡಿನಲ್ಲಿ ಇಡಬೇಡಿ. ಮನೆಯ ತಂಪು ಕೋಣೆಯಲ್ಲಿ, ನೆಲದಿಂದ ತುಸು ಎತ್ತರದಲ್ಲಿ, ಸುತ್ತ ಗಾಳಿ ಆಡುವಂತೆ ಇಡಿ. ಮೂರು ತಿಂಗಳಿಗೊಮ್ಮೆ ಬಂದ್ ಮಾಡಿ ಫ್ಯಾನ್‌ನ ಧೂಳು ತೆಗೆಯಿರಿ. ಸುಗ್ಗಿ ಕಾಲದಲ್ಲಿ ರಸ್ತೆ ಪಕ್ಕದ ಮನೆಯವರು ತಿಂಗಳಿಗೊಮ್ಮೆ ಮಾಡಿದರೆ ಒಳ್ಳೇದು. ಸುಡುವ ಮಧ್ಯಾಹ್ನ ಯಾರೂ ನೋಡದಿದ್ದರೆ ಬಂದ್ ಮಾಡಿಡೋದರಲ್ಲಿ ನಷ್ಟವೇನೂ ಇಲ್ಲ.

ಡಿಸ್ಕ್ ಒಂದಿಲ್ಲೊಂದು ದಿನ ಹೋಗುತ್ತದೆ

ಇದು ಇಡೀ ವಿಷಯದಲ್ಲಿ ಮುಖ್ಯವಾದ ಮಾತು. ಹಾರ್ಡ್‌ಡಿಸ್ಕ್ ಒಳಗೆ ತಿರುಗುವ ತಟ್ಟೆಗಳಿವೆ, ಅವು ಸವೆಯುತ್ತವೆ. ಎಷ್ಟು ದೊಡ್ಡ ಕಂಪನಿಯದಾದರೂ ಸರಿ. ಎಲ್ಲ ಮೊಬೈಲ್‌ಗಳಿಂದ ವಿಡಿಯೊ ತೆಗೆದು ಒಂದೇ ಡಿಸ್ಕ್‌ಗೆ ಸುರಿದು, ಮೊಬೈಲ್‌ನಲ್ಲಿ ಅಳಿಸಿಬಿಟ್ಟರೆ, ಮೊದಲಿಗಿಂತ ಅಪಾಯ ಹೆಚ್ಚೇ ಆಯಿತು. ಮೊದಲು ಒಂದು ಮೊಬೈಲ್ ಹೋದರೆ ಒಂದಷ್ಟು ಹೋಗುತ್ತಿತ್ತು, ಈಗ ಡಿಸ್ಕ್ ಹೋದರೆ ಎಲ್ಲವೂ ಹೋಗುತ್ತದೆ.

ಪ್ರತಿ ಇಟ್ಟುಕೊಳ್ಳದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಕನ್ನಡದಲ್ಲೇ ದೊಡ್ಡ ಉದಾಹರಣೆ ಇದೆ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದೇ ಒಂದು ಪ್ರಿಂಟ್ ಕೂಡ ಇಂದು ಸಿಗುತ್ತಿಲ್ಲ. ಕನ್ನಡದ ಮೊದಲ ವಾಕ್ಚಿತ್ರಕ್ಕೇ ಹಾಗಾದರೆ, ನಮ್ಮ ಮನೆ ವಿಡಿಯೊ ಕಾಯೋರು ನಾವೇ ಅಲ್ಲವೇ?

ಇದಕ್ಕೆ ‘3-2-1’ ಅನ್ನೋ ಸರಳ ನಿಯಮವಿದೆ. ಇದನ್ನು ಜನಪ್ರಿಯ ಮಾಡಿದ್ದು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ. ಒಟ್ಟು 3 ಪ್ರತಿ ಇರಲಿ, 2 ಬೇರೆ ಬೇರೆ ಸಾಧನದಲ್ಲಿರಲಿ, 1 ಪ್ರತಿ ಬೇರೆ ಊರಲ್ಲೋ ಬೇರೆ ಮನೆಯಲ್ಲೋ ಇರಲಿ. ಕಳ್ಳತನ, ಬೆಂಕಿ, ನೀರು ನುಗ್ಗಿದಾಗ ಮನೆಯೊಳಗಿನ ಎರಡೂ ಪ್ರತಿ ಒಟ್ಟಿಗೇ ಹೋಗುತ್ತವೆ, ಅದಕ್ಕೆ.

ಇದನ್ನು ಇಂಟರ್‌ನೆಟ್‌ನಲ್ಲೇ ಮಾಡಬೇಕೆಂದಿಲ್ಲ. ಯಾದಗಿರಿ ಮನೆಯ ಪ್ರತಿ ಶಹಾಪುರದ ತವರುಮನೆಯಲ್ಲಿ, ಸುರಪುರದ್ದು ಯಾದಗಿರಿಯ ಅಣ್ಣನ ಮನೆಯಲ್ಲಿ ಇರಲಿ. ನಾಗರ ಪಂಚಮಿಗೆ ತವರಿಗೆ ಹೋಗುವಾಗ ಹೊಸ ಪ್ರತಿ ಒಯ್ದು, ಅಲ್ಲಿದ್ದ ಹಳೇ ಡಿಸ್ಕ್ ತರೋದು. ದೀಪಾವಳಿಗೆ ಮತ್ತೆ ಅದಲು ಬದಲು. ವರ್ಷಕ್ಕೆ ಎರಡು ಸಲ ಸಾಕು. ಗುಳೆ ಹೋಗಿ ಪುಣೆ, ಬೆಂಗಳೂರಲ್ಲಿರುವ ಮಕ್ಕಳ ಬಳಿಯೂ ಒಂದು ಪ್ರತಿ ಇದ್ದರೆ ಅವರಿಗೂ ಊರು ಕಾಣುತ್ತದೆ.

ಡಿಸ್ಕ್ ಕೆಡುವ ಮೊದಲು ಕೆಲವೊಮ್ಮೆ ಸೂಚನೆ ಕೊಡುತ್ತದೆ. ವಿಂಡೋಸ್‌ನಲ್ಲಿ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ಎಂಬ ಉಚಿತ ಸಾಫ್ಟ್‌ವೇರ್ ಡಿಸ್ಕ್‌ನ ಆರೋಗ್ಯ ತೋರಿಸುತ್ತದೆ. ಹಳದಿ ಬಣ್ಣ ಬಂದರೆ ಅಂದೇ ಬೇರೆ ಡಿಸ್ಕ್‌ಗೆ ಪ್ರತಿ ಮಾಡಿ. ಟಕ್ ಟಕ್ ಸದ್ದು ಬಂದರೆ ಮತ್ತೆ ಮತ್ತೆ ಚಾಲೂ ಮಾಡಿ ನೋಡಬೇಡಿ.

ಅಂಗಡಿಯವರಿಗೊಂದು ಮಾತು: ಸಿಸಿಟಿವಿಯ ಡಿವಿಆರ್‌ನಲ್ಲೂ ಹಾರ್ಡ್‌ಡಿಸ್ಕ್ ಇದೆ ಅಂತ ಮನೆ ವಿಡಿಯೊ ಅಲ್ಲಿಡಲು ಹೋಗಬೇಡಿ. ಜಾಗ ತುಂಬಿದ ಮೇಲೆ ಹಳೇದನ್ನು ಅಳಿಸಿ ಬರೆಯೋದೇ ಅದರ ಕೆಲಸ. ಅಂಗಡಿ ಲೆಕ್ಕ, ಜಿಎಸ್‌ಟಿ ಬಿಲ್ ಕಂಪ್ಯೂಟರ್‌ನಲ್ಲಿ ಇಡುವವರು ಅವನ್ನೂ ಇದೇ 3-2-1ಕ್ಕೆ ಸೇರಿಸಿಕೊಳ್ಳಬಹುದು.

ಅಪ್‌ಡೇಟ್ ಮಾಡದಿದ್ದರೆ?

‘ನಡೀತಾ ಇದೆಯಲ್ಲ, ಯಾಕೆ ಮುಟ್ಟೋದು’ ಅನ್ನೋದು ಎಲ್ಲರ ಅಭ್ಯಾಸ. ಪಾಸ್‌ವರ್ಡ್ ಕಾಯುವ ‘ಲಾಸ್ಟ್‌ಪಾಸ್’ ಕಂಪನಿಗೆ 2022ರಲ್ಲಿ ಆದದ್ದು ನೋಡಿ. ಅದರ ಒಬ್ಬ ಹಿರಿಯ ಎಂಜಿನಿಯರ್ ಮನೆಯ ಕಂಪ್ಯೂಟರ್‌ನಲ್ಲಿ ಪ್ಲೆಕ್ಸ್ ಇತ್ತು. ಅದರ ದೋಷ ಸರಿಪಡಿಸಿದ ಅಪ್‌ಡೇಟ್ 2020ರ ಮೇ ತಿಂಗಳಲ್ಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ. ಕಳ್ಳರು ಆ ದಾರಿಯಲ್ಲಿ ಒಳನುಗ್ಗಿ ಕಂಪನಿಯ ಬೀಗದ ಕೈಯನ್ನೇ ಕದ್ದರು.

ಆದ್ದರಿಂದ ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಸದ ಹಳೇ ಮಷಿನ್‌ಗೆ ಉಬುಂಟು, ಮಿಂಟ್ ಥರದ ಉಚಿತ ಲಿನಕ್ಸ್ ಹಾಕಬಹುದು, ಜೆಲ್ಲಿಫಿನ್ ಅದರಲ್ಲೂ ಚೆನ್ನಾಗಿ ನಡೆಯುತ್ತದೆ. ಹೊರಗಿನಿಂದ ನೋಡಬೇಕು ಅಂತ ರೂಟರ್‌ನ ಬಾಗಿಲು ಇಡೀ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ‘ಟೇಲ್‌ಸ್ಕೇಲ್’ ಥರದ್ದು ಬಳಸಿದರೆ ಮನೆಯವರ ಮೊಬೈಲ್‌ಗಷ್ಟೇ ದಾರಿ ಸಿಗುತ್ತದೆ.

ಅಪ್‌ಗ್ರೇಡ್: ಯಾವುದು ಮೊದಲು?

ಹವ್ಯಾಸಿಗಳು ಎಡವೋದು ಇಲ್ಲೇ. ಕೈಯಲ್ಲಿ ದುಡ್ಡು ಬಂದ ಕೂಡಲೇ ಜೋರು ಪ್ರೊಸೆಸರ್ ಕಡೆ ಕಣ್ಣು ಹೋಗುತ್ತದೆ. ಈ ಕ್ರಮ ನೋಡಿ:

1. ಪ್ರತಿ ಇಡಲು ಎರಡನೇ, ಮೂರನೇ ಡಿಸ್ಕ್.

2. ಕರೆಂಟ್ ಭದ್ರತೆ: ಯುಪಿಎಸ್ ಅಥವಾ ಹೊಸ ಬ್ಯಾಟರಿ.

3. ರೂಟರ್‌ನಿಂದ ಸರ್ವರ್‌ಗೆ ನೆಟ್‌ವರ್ಕ್ ಕೇಬಲ್. ವಿಡಿಯೊ ನಿಂತು ನಿಂತು ಬರೋದು ಎಷ್ಟೋ ಸಲ ವೈಫೈ ದೋಷ.

4. ಆಪರೇಟಿಂಗ್ ಸಿಸ್ಟಮ್‌ಗೆ ಸಣ್ಣ ಎಸ್‌ಎಸ್‌ಡಿ. ಹಳೇ ಲ್ಯಾಪ್‌ಟಾಪ್‌ಗೆ ಹೊಸ ಜೀವ ಬರುತ್ತದೆ.

5. ಕೊನೆಗೆ ಹೊಸ ಮಷಿನ್, ಅದೂ ಬೇಕೇ ಬೇಕು ಅನಿಸಿದರೆ.

ಬೇಕೇ ಅಂತ ತಿಳಿಯೋದು ಹೇಗೆ? ಈಗಿನ ಅನೇಕ ಮೊಬೈಲ್‌ಗಳು ‘ಎಚ್‌ಇವಿಸಿ’ ಎಂಬ ಬಗೆಯಲ್ಲಿ ವಿಡಿಯೊ ಉಳಿಸುತ್ತವೆ. ಟಿವಿಗೆ ಅದು ಅರ್ಥವಾಗದಿದ್ದರೆ ಸರ್ವರ್ ಆಗಿಂದಾಗಲೇ ಬೇರೆ ಬಗೆಗೆ ಬದಲಿಸಿ ಕಳಿಸಬೇಕು. ಆಗಲೇ ಹಳೇ ಮಷಿನ್ ಕಾದು ಏದುಸಿರು ಬಿಡೋದು. ಟಿವಿಯೇ ಎಚ್‌ಇವಿಸಿ ಓದಿದರೆ ಸರ್ವರ್‌ಗೆ ಕೆಲಸವೇ ಇಲ್ಲ. ಹೊಸ ಮಷಿನ್ ತಗೊಳ್ಳೋದೇ ಆದರೆ ಇಂಟೆಲ್ 7ನೇ ತಲೆಮಾರು ಅಥವಾ ನಂತರದ್ದು, ಒಳಗೇ ಗ್ರಾಫಿಕ್ಸ್ ಇರುವುದನ್ನು ನೋಡಿ. ಈ ಬದಲಾವಣೆ ಅದಕ್ಕೆ ಸುಲಭ.

ಮಕ್ಕಳು ಮತ್ತು ಸಿನಿಮಾ

ಜೆಲ್ಲಿಫಿನ್‌ನಲ್ಲಿ ಮಕ್ಕಳಿಗೆ ಬೇರೆ ಖಾತೆ ಮಾಡಿ, ಯಾವ ಫೋಲ್ಡರ್ ಕಾಣಬೇಕು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನಡೀಬೇಕು ಅಂತ ಇಡಬಹುದು. ಜಾಹೀರಾತಿಲ್ಲ, ಒಂದು ಮುಗಿದ ಮೇಲೆ ಎಲ್ಲಿಂದಲೋ ಇನ್ನೊಂದು ಬಂದು ಎಳೆಯೋದಿಲ್ಲ.

ಆದರೆ ಟೆಲಿಗ್ರಾಂನಲ್ಲಿ ಬಂದ ಹೊಸ ಸಿನಿಮಾ ತುಂಬಿಸೋದು ಬೇಡ. ಕೃತಿಸ್ವಾಮ್ಯ ಕಾಯ್ದೆ 1957ರ 63ನೇ ಕಲಂ ಪ್ರಕಾರ ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಗಿರಾಕಿಗಳ ಮೆಮೊರಿ ಕಾರ್ಡ್‌ಗೆ ಸಿನಿಮಾ ತುಂಬಿಸಿಕೊಡುವ ಅಂಗಡಿಯವರೂ ಇದನ್ನು ನೆನಪಿಡಬೇಕು. ಹಾಗೆ ನೋಡಿದರೆ, ಸಿನಿಮಾ ಹೋದರೆ ಮತ್ತೆ ಸಿಗುತ್ತದೆ. ಮಗು ಮೊದಲ ಹೆಜ್ಜೆ ಇಟ್ಟದ್ದು ಇನ್ನೆಲ್ಲೂ ಸಿಗೋದಿಲ್ಲ.

ಮನೇಲಿ ಇನ್ನೊಬ್ಬರಿಗೂ ಗೊತ್ತಿರಲಿ

ಸಾಮಾನ್ಯವಾಗಿ ಮನೆಯಲ್ಲಿ ಇದೆಲ್ಲ ಒಬ್ಬರಿಗೇ ಗೊತ್ತಿರುತ್ತದೆ. ಅವರು ಊರಲ್ಲಿ ಇಲ್ಲದಾಗ, ಹುಷಾರಿಲ್ಲದಾಗ ಯಾರಿಗೂ ಪಾಸ್‌ವರ್ಡ್ ಗೊತ್ತಿಲ್ಲ, ಯಾವ ಡಿಸ್ಕ್‌ನಲ್ಲಿ ಏನಿದೆ ತಿಳಿಯದು. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದಿಡಿ: ಬಂದ್ ಮಾಡೋದು ಹೇಗೆ, ಚಾಲೂ ಮಾಡೋದು ಹೇಗೆ, ಪಾಸ್‌ವರ್ಡ್ ಏನು, ಇನ್ನೊಂದು ಪ್ರತಿ ಯಾರ ಮನೆಯಲ್ಲಿದೆ. ಆ ಹಾಳೆ ಮನೆಯ ಹಕ್ಕುಪತ್ರ, ರೇಷನ್ ಕಾರ್ಡ್ ಇಡುವ ಫೈಲ್‌ನಲ್ಲೇ ಇರಲಿ. ಡಿಸ್ಕ್ ಮೇಲೂ ವರ್ಷ ಬರೆದು ಚೀಟಿ ಅಂಟಿಸಿ.

ಕೊನೆಯದಾಗಿ, ಪ್ರತಿ ಮಾಡಿ ಇಟ್ಟರೆ ಮುಗೀಲಿಲ್ಲ. ತವರಿನಿಂದ ಡಿಸ್ಕ್ ಬಂದಾಗ ಟಿವಿಗೆ ಹಾಕಿ, ಒಂದೆರಡು ವಿಡಿಯೊ ಎಲ್ಲರೂ ಕೂತು ನೋಡಿ. ಅದು ಓಡಿದರೆ ಪ್ರತಿ ಸರಿಯಿದೆ ಅಂತ ಅರ್ಥ. ಓಡದಿದ್ದರೆ ಇನ್ನೊಂದು ಪ್ರತಿ ಇರುವಾಗಲೇ ಗೊತ್ತಾಯಿತಲ್ಲ, ಅಷ್ಟೇ ಸಾಕು.